ರಾಜ್ಯ ಬಿಟ್ಟರೂ ದೇಶ ಬಿಡದು

ಅಮೆರಿಕದ ಒರೆಗಾನ್ ರಾಜ್ಯದ ಪೂರ್ವದ ಅಂಚಿನಲ್ಲಿ ಆಂಟಾರಿಯೊ ಎಂಬ ಸಣ್ಣ ಊರಿದೆ. ಸುತ್ತ ಈರುಳ್ಳಿ, ಆಲೂಗಡ್ಡೆ ಹೊಲಗಳು. ಊರಿನ ಪಕ್ಕದಲ್ಲೇ ಸ್ನೇಕ್ ನದಿ, ನದಿಯಾಚೆ ಐಡಹೊ ರಾಜ್ಯ. 2018ರಲ್ಲಿ ಇಲ್ಲಿನ ಮತದಾರರು ತಮ್ಮೂರಲ್ಲಿ ಗಾಂಜಾ ಅಂಗಡಿ ತೆರೆಯಲು ಒಪ್ಪಿಗೆ ಕೊಟ್ಟರು. ಅಂದಿನಿಂದ ಆ ಅಂಗಡಿಗಳ ಮುಂದೆ ಐಡಹೊ ನಂಬರ್ ಪ್ಲೇಟಿನ ಕಾರುಗಳು ಸಾಲುಗಟ್ಟುತ್ತವೆ. ಬಾಗಿಲಲ್ಲಿ ಗುರುತಿನ ಚೀಟಿ ನೋಡುತ್ತಾರೆ. 21 ತುಂಬಿದವರನ್ನು ಒಳಗೆ ಬಿಡುತ್ತಾರೆ. ಒಳಗೆ ಒಣಗಿದ ಹೂವು, ಎಣ್ಣೆ ತುಂಬಿದ ವೇಪ್ ಪೆನ್ನು, ಚಾಕೊಲೇಟ್, ಹಣ್ಣಿನ ರುಚಿಯ ಗಮ್ಮಿ ಎಲ್ಲವೂ ಬೆಲೆಚೀಟಿ ಅಂಟಿಸಿಕೊಂಡು ಕೂತಿರುತ್ತವೆ. ತೆರಿಗೆ ಸೇರಿಸಿ ಬಿಲ್ಲು ಕೊಡುತ್ತಾರೆ.

ಅದೇ ಪೊಟ್ಟಣ ಹಿಡಿದು ಸೇತುವೆ ದಾಟಿದರೆ ಐಡಹೊದಲ್ಲಿ ಅದು ಅಪರಾಧ. 3 ಔನ್ಸ್, ಅಂದರೆ ಸುಮಾರು 85 ಗ್ರಾಂ ಒಳಗಿದ್ದರೆ 1 ವರ್ಷದವರೆಗೆ ಜೈಲು, 1,000 ಡಾಲರ್‌ವರೆಗೆ ದಂಡ. ಎಷ್ಟೇ ಕಡಿಮೆಯಿದ್ದರೂ ಕನಿಷ್ಠ 300 ಡಾಲರ್ ದಂಡ ಹಾಕಲೇಬೇಕು ಎಂದು ಅಲ್ಲಿನ ಶಾಸಕರು 2025ರಲ್ಲಿ ಕಾನೂನು ಬಿಗಿ ಮಾಡಿದರು. 3 ಔನ್ಸ್ ಮೀರಿದರೆ ಘೋರ ಅಪರಾಧ, 5 ವರ್ಷದವರೆಗೆ ಸೆರೆ. ವೈದ್ಯರ ಚೀಟಿ ತೋರಿಸಿದರೂ ಕೇಳುವವರಿಲ್ಲ.

ನಮ್ಮಲ್ಲಿ ಈ ಗೊಂದಲವಿಲ್ಲ. ಬೀದರಿನಿಂದ ಚಾಮರಾಜನಗರದವರೆಗೆ, ಕಾಶ್ಮೀರದಿಂದ ಕನ್ಯಾಕುಮಾರಿವರೆಗೆ ಒಂದೇ ಕಾನೂನು: 1985ರ ಎನ್‌ಡಿಪಿಎಸ್ ಕಾಯ್ದೆ. ಗಾಂಜಾ 1 ಕೆ.ಜಿ.ವರೆಗಿದ್ದರೆ ಅಲ್ಪ ಪ್ರಮಾಣ, 1 ವರ್ಷದವರೆಗೆ ಶಿಕ್ಷೆ. 20 ಕೆ.ಜಿ. ಮೀರಿದರೆ ವಾಣಿಜ್ಯ ಪ್ರಮಾಣ, ಕನಿಷ್ಠ 10 ವರ್ಷ. ಇಂಥ ದೇಶದಲ್ಲಿ ಬೆಳೆದವರ ಮನಸ್ಸಿನಲ್ಲಿ ಒಂದು ತಿಳಿವಳಿಕೆ ಗಟ್ಟಿಯಾಗಿ ಕೂತಿರುತ್ತದೆ. ಸರ್ಕಾರವೇ ಲೈಸೆನ್ಸ್ ಕೊಟ್ಟು, ತೆರಿಗೆ ವಸೂಲಿ ಮಾಡಿ ಮಾರಿಸುವ ವಸ್ತು ಅಪರಾಧವಾಗಲು ಹೇಗೆ ಸಾಧ್ಯ ಎನ್ನುವುದು ಅದು. ಮಕ್ಕಳನ್ನು ಎಂ.ಎಸ್. ಓದಲು ಕಳಿಸಿದ ತಂದೆತಾಯಂದಿರ ಬಾಯಲ್ಲಿ ಇದನ್ನು ಎಷ್ಟೋ ಸಲ ಕೇಳಿದ್ದೇನೆ. "ಅಲ್ಲಿ ಅಂಗಡೀಲೇ ಮಾರ್ತಾರಂತಲ್ಲ ಸರ್, ಇನ್ನೇನು ಭಯ?" ಎನ್ನುತ್ತಾರೆ. ಭಯಕ್ಕೆ ಕಾರಣವಿದೆ. ಅಲ್ಲಿನ ಪ್ರಜೆಗಿಂತ ನೂರು ಪಾಲು ಹೆಚ್ಚಿನ ಕಾರಣ ನಮ್ಮ ಹುಡುಗರಿಗಿದೆ. ಈ ಅಂಕಣ ಅದಕ್ಕಾಗಿಯೇ.

ಅಮೆರಿಕದಲ್ಲಿ ಅಪರಾಧ ಕಾನೂನು ಮುಖ್ಯವಾಗಿ ರಾಜ್ಯಗಳ ಕೈಯಲ್ಲಿದೆ. ಅದರ ಮೇಲೆ ಇಡೀ ದೇಶಕ್ಕೆ ಅನ್ವಯಿಸುವ ಫೆಡರಲ್ ಕಾನೂನು ಇದೆ. ಎರಡೂ ಒಟ್ಟೊಟ್ಟಿಗೆ ಜಾರಿಯಲ್ಲಿರುತ್ತವೆ. ಗಾಂಜಾ ಮೇಲೆ ಫೆಡರಲ್ ಸರ್ಕಾರದ ಕಣ್ಣು ಬಿದ್ದದ್ದು 1937ರಲ್ಲಿ, ತೆರಿಗೆ ಕಾಯ್ದೆಯ ರೂಪದಲ್ಲಿ. 1970ರ ನಿಯಂತ್ರಿತ ವಸ್ತುಗಳ ಕಾಯ್ದೆ ಅದನ್ನು ಹೆರಾಯಿನ್, ಎಲ್‌ಎಸ್‌ಡಿಗಳ ಜೊತೆ ಅತಿ ಬಿಗಿ ನಿಯಂತ್ರಣದ ಮೊದಲನೇ ಪಟ್ಟಿಗೆ ಹಾಕಿತು. ಕೊಕೇನ್ ಇರುವುದು ಎರಡನೇ ಪಟ್ಟಿಯಲ್ಲಿ. ಆ ಕಾಯ್ದೆಯಡಿ ನೇಮಕವಾದ ಶೇಫರ್ ಆಯೋಗವೇ 1972ರಲ್ಲಿ, ಸ್ವಂತ ಬಳಕೆಗೆ ಇಟ್ಟುಕೊಂಡವರನ್ನು ಅಪರಾಧಿಗಳೆಂದು ನೋಡಬೇಡಿ ಎಂದು ಶಿಫಾರಸು ಮಾಡಿತ್ತು. ಅಧ್ಯಕ್ಷ ನಿಕ್ಸನ್ ಕಿವಿಗೆ ಹಾಕಿಕೊಳ್ಳಲಿಲ್ಲ. ಮರುವರ್ಷ ಒರೆಗಾನ್ ತಾನಾಗಿ ಶಿಕ್ಷೆ ಇಳಿಸಿತು. 1996ರಲ್ಲಿ ಕ್ಯಾಲಿಫೋರ್ನಿಯದ ಮತದಾರರು ರೋಗಿಗಳಿಗೆ ಗಾಂಜಾ ಬಳಸಲು ಅವಕಾಶ ಕೊಟ್ಟರು. 2012ರಲ್ಲಿ ಕೊಲರಾಡೊ ಮತ್ತು ವಾಷಿಂಗ್ಟನ್ ರಾಜ್ಯಗಳು ವಯಸ್ಕರೆಲ್ಲರಿಗೂ ಬಾಗಿಲು ತೆರೆದವು. 2023ರ ಕೊನೆಗೆ ಒಹಾಯೊ ಸೇರಿ ಅಂಥ ರಾಜ್ಯಗಳು 24 ಆದವು. ಫೆಡರಲ್ ಕಾಯ್ದೆಯಲ್ಲಿ ಮಾತ್ರ ಗಾಂಜಾ ಇಂದಿಗೂ ನಿಯಂತ್ರಿತ ವಸ್ತುವೇ. ಮೊದಲ ಸಲ ಸ್ವಲ್ಪವೇ ಇಟ್ಟುಕೊಂಡು ಸಿಕ್ಕಿದರೂ 1 ವರ್ಷದವರೆಗೆ ಸೆರೆ, ಕನಿಷ್ಠ 1,000 ಡಾಲರ್ ದಂಡ ಎಂದು ಆ ಕಾನೂನು ಹೇಳುತ್ತದೆ.

ಎರಡು ಕಾನೂನು ಮುಖಾಮುಖಿಯಾದರೆ ಏನಾಗುತ್ತದೆ? 2002ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯದ ಬ್ಯೂಟ್ ಕೌಂಟಿಯಲ್ಲಿ ಡಯಾನ್ ಮಾನ್ಸನ್ ಎಂಬ ರೋಗಿಯ ಮನೆಗೆ ಎರಡೂ ಕಡೆಯ ಅಧಿಕಾರಿಗಳು ಒಟ್ಟಿಗೆ ಬಂದರು. ಬೆನ್ನುನೋವಿಗೆಂದು ಆಕೆ ಬೆಳೆದಿದ್ದದ್ದು 6 ಗಿಡ. ಸ್ಥಳೀಯ ಅಧಿಕಾರಿಗಳು ನೋಡಿ, ರಾಜ್ಯದ ಕಾನೂನಿನ ಪ್ರಕಾರ ಸರಿಯಾಗಿದೆ ಎಂದರು. ಫೆಡರಲ್ ಏಜೆಂಟರು ಒಪ್ಪಲಿಲ್ಲ. 3 ಗಂಟೆ ಜಗ್ಗಾಟ ನಡೆದು, ಕೊನೆಗೆ ಆರೂ ಗಿಡಗಳನ್ನು ವಶಪಡಿಸಿಕೊಂಡು ನಾಶ ಮಾಡಿದರು. ಆಕೆ ಮತ್ತು ಇನ್ನೊಬ್ಬ ರೋಗಿ ಏಂಜಲ್ ರೈಚ್ ಸುಪ್ರೀಂ ಕೋರ್ಟ್‌ವರೆಗೆ ಹೋದರು. 2005ರ ಜೂನ್‌ನಲ್ಲಿ ಕೋರ್ಟ್ 6-3ರ ಬಹುಮತದಲ್ಲಿ ಫೆಡರಲ್ ಸರ್ಕಾರದ ಪರ ತೀರ್ಪು ಕೊಟ್ಟಿತು. ಹಿತ್ತಲಲ್ಲಿ ಬೆಳೆದು, ಮಾರದೆ, ತಾನೇ ಬಳಸಿದರೂ ದೇಶದ ಕಾನೂನೇ ಮೇಲು. ಆ ತೀರ್ಪು ಇವತ್ತಿಗೂ ನಿಂತಿದೆ.

ಹಾಗಾದರೆ ಕ್ಯಾಲಿಫೋರ್ನಿಯದ ಅಂಗಡಿಗಳು ನಡೆಯುತ್ತಿರುವುದು ಹೇಗೆ? ಬೀದಿ ಬೀದಿಯಲ್ಲಿ ಹಿಡಿಯುವಷ್ಟು ಪೊಲೀಸರು ಫೆಡರಲ್ ಸರ್ಕಾರದ ಬಳಿ ಇಲ್ಲ. ಚಿಲ್ಲರೆ ಪ್ರಕರಣಗಳ ತಂಟೆಗೆ ಅದು ಸಾಮಾನ್ಯವಾಗಿ ಹೋಗುವುದಿಲ್ಲ. 2013ರಲ್ಲಿ ಒಬಾಮಾ ಸರ್ಕಾರದ ನ್ಯಾಯ ಇಲಾಖೆ ಇದನ್ನು ಬರಹದಲ್ಲೇ ಹೇಳಿತ್ತು. 2018ರ ಜನವರಿಯಲ್ಲಿ ಅಟಾರ್ನಿ ಜನರಲ್ ಜೆಫ್ ಸೆಷನ್ಸ್ ಆ ಸುತ್ತೋಲೆಯನ್ನು ಹಿಂದಕ್ಕೆ ಪಡೆದರು. ಅಂದರೆ ಇಷ್ಟು ದೊಡ್ಡ ವ್ಯಾಪಾರ ನಡೆಯುತ್ತಿರುವುದು ಹಕ್ಕಿನ ಬಲದಿಂದಲ್ಲ, ಕಂಡೂ ಕಾಣದಂತಿರುವ ಸರ್ಕಾರದ ಔದಾರ್ಯದಿಂದ. ಫೆಡರಲ್ ಸರ್ಕಾರ ನೇರವಾಗಿ ಆಳುವ ಜಾಗಗಳಲ್ಲಿ ಆ ಔದಾರ್ಯವನ್ನು ನೆಚ್ಚಿಕೊಳ್ಳುವಂತಿಲ್ಲ. ಯೊಸೆಮಿಟಿ ಇರುವುದು ಕ್ಯಾಲಿಫೋರ್ನಿಯದಲ್ಲೇ. ಆದರೆ ಅದು ರಾಷ್ಟ್ರೀಯ ಉದ್ಯಾನ, ಅಲ್ಲಿ ನಡೆಯುವುದು ಫೆಡರಲ್ ಕಾನೂನು. ಸ್ಯಾನ್ ಹೊಸೆಯಲ್ಲಿ ಕೊಂಡದ್ದು ಉದ್ಯಾನದ ಗೇಟು ದಾಟಿದ ಕೂಡಲೇ ಅಪರಾಧದ ವಸ್ತು.

ಇನ್ನು ಟೆಕ್ಸಸ್. ಡಲ್ಲಾಸ್ ಸುತ್ತಲಿನ ಪ್ಲೇನೊ, ಫ್ರಿಸ್ಕೊ, ಅರ್ವಿಂಗ್‌ಗಳಲ್ಲಿ ಕನ್ನಡದ ಮನೆಗಳು ಬಹಳ. ರಜೆಯಲ್ಲಿ ಕೊಲರಾಡೊದ ಬೆಟ್ಟಗಳಿಗೆ ಕಾರಿನಲ್ಲಿ ಹೋಗಿ ಬರುವುದು ಅಲ್ಲಿ ಮಾಮೂಲು. ಟೆಕ್ಸಸ್ ಕಾನೂನಿನಲ್ಲಿ 2 ಔನ್ಸ್‌ವರೆಗಿನ ಗಾಂಜಾ ಹೂವಿಗೆ 180 ದಿನದವರೆಗೆ ಜೈಲು, 2,000 ಡಾಲರ್‌ವರೆಗೆ ದಂಡ. ಇದನ್ನು ಹಗುರ ಅಪರಾಧವೆಂದೇ ಎಣಿಸುತ್ತಾರೆ. ವೇಪ್ ಪೆನ್ನಿನ ಎಣ್ಣೆಯ ಲೆಕ್ಕವೇ ಬೇರೆ. ಗಾಂಜಾದ ಸಾರವಾದ ಟಿಎಚ್‌ಸಿಯನ್ನು ಟೆಕ್ಸಸ್ ಬೇರೆ ವರ್ಗದಲ್ಲಿಟ್ಟಿದೆ. 1 ಗ್ರಾಂಗಿಂತ ಕಡಿಮೆ ಇದ್ದರೂ ಅದು ಫೆಲನಿ, ಅಂದರೆ ಘೋರ ಅಪರಾಧ. 180 ದಿನದಿಂದ 2 ವರ್ಷದವರೆಗೆ ಸೆರೆ. 4 ಗ್ರಾಂನಿಂದ 400 ಗ್ರಾಂವರೆಗೆ 2ರಿಂದ 20 ವರ್ಷ. ತೂಕ ಹಾಕುವಾಗ ಸಾರವನ್ನಷ್ಟೇ ತೂಗುವುದಿಲ್ಲ, ಬೆರೆತ ವಸ್ತುವನ್ನೆಲ್ಲ ತೂಗುತ್ತಾರೆ. 2014ರಲ್ಲಿ ಆಸ್ಟಿನ್ ಹತ್ತಿರದ ರೌಂಡ್ ರಾಕ್‌ನಲ್ಲಿ 19 ವರ್ಷದ ಹುಡುಗನೊಬ್ಬ ಗಾಂಜಾ ಎಣ್ಣೆ ಹಾಕಿ ಬ್ರೌನಿ ಬೇಯಿಸಿ ಸಿಕ್ಕಿಬಿದ್ದ. ಬೆಣ್ಣೆ, ಸಕ್ಕರೆ, ಕೋಕೊ ಸೇರಿ ಒಟ್ಟು ತೂಕ 400 ಗ್ರಾಂ ದಾಟಿತು. ಅಷ್ಟಕ್ಕೆ ಅವನ ಮೇಲೆ ಬಿದ್ದ ಮೊದಲ ಆರೋಪಕ್ಕೆ 5 ವರ್ಷದಿಂದ ಜೀವಾವಧಿವರೆಗೆ ಶಿಕ್ಷೆ ಸಾಧ್ಯವಿತ್ತು. ಮುಂದೆ ಆರೋಪ ಇಳಿಯಿತು, ನಿಜ. ಆದರೆ ಹತ್ತೊಂಬತ್ತರ ಮಗನಿಗೆ ಜೀವಾವಧಿ ಆಗಬಹುದು ಎಂಬ ಮಾತು ಕೇಳಿದ ತಂದೆತಾಯಿ ಆ ತಿಂಗಳುಗಳನ್ನು ಹೇಗೆ ಕಳೆದಿರಬೇಕು?

ಈ ತೂಕದ ವಿಷಯದಲ್ಲಿ ನಾವೂ ಹಿಂದೆ ಬಿದ್ದಿಲ್ಲ ಎನ್ನುವುದನ್ನು ಇಲ್ಲೇ ಹೇಳಬೇಕು. ಹೀರಾ ಸಿಂಗ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ 2020ರಲ್ಲಿ, ಮಿಶ್ರಣದಲ್ಲಿ ಮಾದಕ ವಸ್ತು ಎಷ್ಟಿದೆ ಎಂದು ಬಿಡಿಸಿ ನೋಡಬೇಕಿಲ್ಲ, ಮಿಶ್ರಣದ ಇಡೀ ತೂಕವನ್ನೇ ಲೆಕ್ಕಕ್ಕೆ ಹಿಡಿಯಬೇಕು ಎಂದಿತು.

ಶಿಕ್ಷೆಯ ಪ್ರಮಾಣ ವಿವೇಕ ತಪ್ಪಿದರೆ ಎಲ್ಲಿಗೆ ಮುಟ್ಟುತ್ತದೆ ಎನ್ನುವುದಕ್ಕೆ ಯೂಟಾ ರಾಜ್ಯದ ವೆಲ್ಡನ್ ಏಂಜಲೋಸ್ ಪ್ರಕರಣಕ್ಕಿಂತ ದೊಡ್ಡ ಸಾಕ್ಷಿ ಬೇಡ. ಇಪ್ಪತ್ತರ ಹರೆಯದ ಸಂಗೀತ ನಿರ್ಮಾಪಕ ಆತ. ಮಾಹಿತಿದಾರನೊಬ್ಬನಿಗೆ ಮೂರು ಸಲ, ಪ್ರತಿ ಸಲ 350 ಡಾಲರ್‌ಗೆ ಗಾಂಜಾ ಮಾರಿದ. ಆಗ ಅವನ ಬಳಿ ಬಂದೂಕಿತ್ತು ಎಂದು ಸಾಕ್ಷ್ಯ ಬಂತು. ಅದರಿಂದ ಯಾರಿಗೂ ಗುಂಡು ಹಾರಿಸಿರಲಿಲ್ಲ, ಯಾರನ್ನೂ ಬೆದರಿಸಿರಲಿಲ್ಲ. ಬಂದೂಕಿನ ಮೊದಲ ಆರೋಪಕ್ಕೆ 5 ವರ್ಷ, ಎರಡನೆಯದಕ್ಕೆ 25, ಮೂರನೆಯದಕ್ಕೆ ಮತ್ತೆ 25, ಒಂದರ ಮೇಲೊಂದು ಎಂದು ಫೆಡರಲ್ ಕಾನೂನು ಹೇಳುತ್ತಿತ್ತು. 2004ರಲ್ಲಿ ನ್ಯಾಯಾಧೀಶ ಪಾಲ್ ಕ್ಯಾಸೆಲ್, ಇದು ಅನ್ಯಾಯ, ಕ್ರೂರ ಎಂದು ತೀರ್ಪಿನಲ್ಲೇ ಬರೆದು 55 ವರ್ಷದ ಶಿಕ್ಷೆ ವಿಧಿಸಿದರು. ಕಡ್ಡಾಯ ಕನಿಷ್ಠ ಶಿಕ್ಷೆ ಎಂದರೆ ಅದೇ: ಮುಂದೆ ನಿಂತ ಮನುಷ್ಯನನ್ನು ನೋಡಿ ತೂಗುವ ಅಧಿಕಾರವೇ ನ್ಯಾಯಾಧೀಶರ ಕೈಯಲ್ಲಿ ಉಳಿಯುವುದಿಲ್ಲ. ಏಂಜಲೋಸ್ 2016ರಲ್ಲಿ ಹೊರಬಂದ. 2020ರ ಡಿಸೆಂಬರ್‌ನಲ್ಲಿ ಕ್ಷಮಾದಾನ ಸಿಕ್ಕಿತು. ಹೀಗೆ ಶಿಕ್ಷೆ ಪೇರಿಸುವ ನಿಯಮವನ್ನು 2018ರ ಫಸ್ಟ್ ಸ್ಟೆಪ್ ಕಾಯ್ದೆ ಸಡಿಲಿಸಿತು. ಅಷ್ಟರಲ್ಲಿ ಅವನ ಮಕ್ಕಳು ತಂದೆಯಿಲ್ಲದೆ ಬೆಳೆದು ದೊಡ್ಡವರಾಗಿದ್ದರು.

ಯಾರನ್ನು ಹಿಡಿಯುತ್ತಾರೆ ಎನ್ನುವುದರಲ್ಲೂ ಸಮಪಾಲಿಲ್ಲ. ನಾಗರಿಕ ಹಕ್ಕುಗಳ ಸಂಸ್ಥೆ ಎಸಿಎಲ್‌ಯು 2018ರ ಅಂಕಿಅಂಶ ಹಿಡಿದು ಲೆಕ್ಕ ಹಾಕಿತು. ಕಪ್ಪು ಜನರೂ ಬಿಳಿಯರೂ ಗಾಂಜಾ ಬಳಸುವುದು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ. ಆದರೂ ಇಟ್ಟುಕೊಂಡ ಆರೋಪದಲ್ಲಿ ಕಪ್ಪು ವ್ಯಕ್ತಿ ಬಂಧನಕ್ಕೊಳಗಾಗುವ ಸಾಧ್ಯತೆ ಬಿಳಿಯನಿಗಿಂತ 3.64 ಪಟ್ಟು ಹೆಚ್ಚು. ಕಾನೂನು ಎಲ್ಲರಿಗೂ ಒಂದೇ ಎಂಬ ಮಾತು ರಸ್ತೆಯಲ್ಲಿ ಕಾರು ನಿಲ್ಲಿಸುವ ಪೊಲೀಸನ ಕೈಯಲ್ಲಿ ಏನಾಗುತ್ತದೆ ಎಂಬುದನ್ನು ಈ ಒಂದು ಸಂಖ್ಯೆ ಹೇಳುತ್ತದೆ.

ಈಗ ನಮ್ಮ ಹುಡುಗರ ವಿಷಯ. ವಲಸೆ ಕಾನೂನು ಪೂರ್ತಿಯಾಗಿ ಫೆಡರಲ್ ಸರ್ಕಾರದ್ದು. ಎಫ್-1 ವೀಸಾದ ವಿದ್ಯಾರ್ಥಿ, ಎಚ್-1ಬಿ ವೀಸಾದ ಎಂಜಿನಿಯರ್, ಗ್ರೀನ್ ಕಾರ್ಡ್ ಪಡೆದು ಮನೆ ಕೊಂಡವರು, ಇವರೆಲ್ಲರ ಬದುಕನ್ನು ಅಳೆಯುವುದು ಕ್ಯಾಲಿಫೋರ್ನಿಯದ ಕಾನೂನಲ್ಲ, 1970ರ ಆ ಕಾಯ್ದೆ. ಮಾದಕ ವಸ್ತುವಿನ ಯಾವುದೇ ಪ್ರಕರಣದಲ್ಲಿ ತಪ್ಪಿತಸ್ಥನಾದ ವಿದೇಶಿಯನನ್ನು ಗಡಿಪಾರು ಮಾಡಬಹುದು. ಇದಕ್ಕೆ ವಿನಾಯಿತಿ ಒಂದೇ: 30 ಗ್ರಾಂವರೆಗಿನ ಗಾಂಜಾವನ್ನು ಸ್ವಂತ ಬಳಕೆಗೆ ಇಟ್ಟುಕೊಂಡ ಒಂದೇ ಒಂದು ಪ್ರಕರಣ. ಈ ವಿನಾಯಿತಿಯನ್ನು ನಂಬಿಕೊಂಡು ಊರಿಗೆ ಬಂದವರು ಹಿಂದಿರುಗಲು ಹೊರಟಾಗ ಬೇರೆಯೇ ನಿಯಮ ಎದುರಾಗುತ್ತದೆ. ಒಳಗಿರುವವರನ್ನು ಹೊರಹಾಕುವ ನಿಯಮ ಬೇರೆ, ಹೊರಗಿರುವವರನ್ನು ಒಳಗೆ ಬಿಡುವ ನಿಯಮ ಬೇರೆ. ಎರಡನೆಯದರಲ್ಲಿ ಆ 30 ಗ್ರಾಂ ವಿನಾಯಿತಿ ತಾನಾಗಿ ಸಿಗುವುದಿಲ್ಲ. ತಂಗಿಯ ಮದುವೆಗೆಂದು ಬಂದು, ವೀಸಾ ಮುದ್ರೆಗೆ ಚೆನ್ನೈ ಅಥವಾ ಹೈದರಾಬಾದ್ ಕಾನ್ಸುಲೇಟ್‌ಗೆ ಹೋದರೆ ಅರ್ಜಿಯಲ್ಲೇ ಪ್ರಶ್ನೆಯಿದೆ: ನಿಯಂತ್ರಿತ ವಸ್ತುಗಳ ಕಾನೂನನ್ನು ಎಂದಾದರೂ ಉಲ್ಲಂಘಿಸಿದ್ದೀರಾ? ಕೋರ್ಟಿನಲ್ಲಿ ಪ್ರಕರಣವೇ ಇಲ್ಲದಿದ್ದರೂ, ಅಧಿಕಾರಿಯ ಮುಂದೆ ಅಪರಾಧವನ್ನು ಒಪ್ಪಿಕೊಂಡರೆ ಅಷ್ಟರಿಂದಲೇ ಪ್ರವೇಶ ನಿರಾಕರಿಸಲು ಕಾನೂನಿನಲ್ಲಿ ದಾರಿಯಿದೆ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಅದು ಇನ್ನೂ ದೊಡ್ಡ ತಪ್ಪು, ಆಯುಷ್ಯಪೂರ್ತಿ ಬಾಗಿಲು ಮುಚ್ಚಬಹುದು.

ಏಡ್ರಿಯನ್ ಮಾಂಕ್ರೀಫ್ ಜಮೈಕಾದವನು. 3 ವರ್ಷದ ಮಗುವಾಗಿದ್ದಾಗ, 1984ರಲ್ಲಿ, ಅಮೆರಿಕಕ್ಕೆ ಬಂದವನು. ಗ್ರೀನ್ ಕಾರ್ಡ್ ಇತ್ತು. 2007ರಲ್ಲಿ ಜಾರ್ಜಿಯದಲ್ಲಿ ಪೊಲೀಸರು ಕಾರು ತಡೆದರು. ಸಿಕ್ಕಿದ್ದು 1.3 ಗ್ರಾಂ ಗಾಂಜಾ, ಎರಡು ಮೂರು ಸಿಗರೇಟು ಸುತ್ತುವಷ್ಟು. ಹಂಚುವ ಉದ್ದೇಶದಿಂದ ಇಟ್ಟುಕೊಂಡಿದ್ದೆ ಎಂದು ತಪ್ಪೊಪ್ಪಿಕೊಂಡ. ರಾಜ್ಯದ ನ್ಯಾಯಾಲಯ ಕರುಣೆ ತೋರಿತು. ಜೈಲಿಗೆ ಕಳಿಸಲಿಲ್ಲ, 5 ವರ್ಷ ಪ್ರೊಬೇಷನ್ ಹಾಕಿತು, ಅದು ಸರಿಯಾಗಿ ಮುಗಿದರೆ ದಾಖಲೆಯೇ ಅಳಿಸಿಹೋಗುತ್ತಿತ್ತು. ವಲಸೆ ಇಲಾಖೆ ಇದನ್ನೇ ಅತಿ ಘೋರ ಅಪರಾಧ ಎಂದು ಕರೆದು ಗಡಿಪಾರಿಗೆ ಹೊರಟಿತು. 2013ರಲ್ಲಿ ಸುಪ್ರೀಂ ಕೋರ್ಟ್ 7-2ರಲ್ಲಿ ಅವನ ಪರ ನಿಂತಿತು. ಗೆದ್ದು ಅವನಿಗೆ ಸಿಕ್ಕಿದ್ದಾದರೂ ಏನು? ಗಡಿಪಾರು ಮಾಡಬೇಡಿ ಎಂದು ಅರ್ಜಿ ಹಾಕಿಕೊಳ್ಳುವ ಅವಕಾಶ. ಮೂರು ಸಿಗರೇಟಿನ ಗಾಂಜಾಕ್ಕೆ ದೇಶದ ಸರ್ವೋಚ್ಚ ನ್ಯಾಯಾಲಯದವರೆಗೆ ಆರು ವರ್ಷದ ಹೋರಾಟ.

ಇಲ್ಲಿ ಅಡಗಿರುವ ಅಪಾಯವನ್ನು ನಮ್ಮ ಹುಡುಗರು ಚೆನ್ನಾಗಿ ಅರ್ಥ ಮಾಡಿಕೊಳ್ಳಬೇಕು. ಸಣ್ಣ ಪ್ರಕರಣದಲ್ಲಿ ರಾಜ್ಯದ ಕೋರ್ಟು ಆಗಾಗ ರಾಜಿ ದಾರಿ ತೋರಿಸುತ್ತದೆ. ತಪ್ಪೊಪ್ಪಿಕೋ, ತರಗತಿಗೆ ಹೋಗು, ದಂಡ ಕಟ್ಟು, ವರ್ಷದ ಮೇಲೆ ಫೈಲು ಮುಚ್ಚುತ್ತೇವೆ ಎನ್ನುತ್ತದೆ. ಅಲ್ಲಿನ ಪ್ರಜೆಗೆ ಇದು ವರ. ವಲಸೆ ಕಾನೂನಿನ ವ್ಯಾಖ್ಯೆಯಲ್ಲಿ ತಪ್ಪೊಪ್ಪಿಗೆಯ ಜೊತೆ ಯಾವುದಾದರೂ ಒಂದು ಶಿಕ್ಷೆಯೋ ನಿರ್ಬಂಧವೋ ಸೇರಿದರೆ ಸಾಕು, ಅದು ಶಿಕ್ಷೆಯಾದ ಅಪರಾಧವೇ. ರಾಜ್ಯ ಆಮೇಲೆ ಫೈಲು ಅಳಿಸಿದರೂ ಫೆಡರಲ್ ಸರ್ಕಾರದ ಲೆಕ್ಕದಲ್ಲಿ ಅದು ಸಾಮಾನ್ಯವಾಗಿ ಅಳಿಯುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಬಿಡ ಎಂದು ನಮ್ಮಲ್ಲಿ ಹೇಳುವುದು ಇಂಥದ್ದಕ್ಕೇ.

ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೆ ಮೂನೆಸ್ ಮೆಲ್ಲೂಲಿಯ ಕತೆ ಇನ್ನೂ ಹತ್ತಿರದ್ದು. ಟುನೀಶಿಯದ ಈತ 2004ರಲ್ಲಿ ಓದಲು ಬಂದ. ಗಣಿತ ಮತ್ತು ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದ. ಮಿಸ್ಸೌರಿ ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸಿದ. 2010ರಲ್ಲಿ ಕ್ಯಾನ್ಸಸ್‌ನಲ್ಲಿ ಕುಡಿದು ವಾಹನ ಓಡಿಸಿದ ಆರೋಪದಲ್ಲಿ ಸಿಕ್ಕಿಬಿದ್ದಾಗ ಕಾಲುಚೀಲದಲ್ಲಿ 4 ಮಾತ್ರೆಗಳಿದ್ದವು. ಅಡೆರಾಲ್ ಮಾತ್ರೆ, ಪರೀಕ್ಷೆಯ ಹೊತ್ತಿನಲ್ಲಿ ಹಾಸ್ಟೆಲುಗಳಲ್ಲಿ ಕೈಯಿಂದ ಕೈಗೆ ಹೋಗುವ ಮದ್ದು ಅದು. ಕೊನೆಗೆ ಅವನು ತಪ್ಪೊಪ್ಪಿಕೊಂಡದ್ದು ಮಾದಕ ವಸ್ತು ಇಡುವ ಸಾಧನ ಹೊಂದಿದ್ದ ಹಗುರ ಆರೋಪಕ್ಕೆ. ಆ ಸಾಧನ ಕಾಲುಚೀಲ. 2012ರಲ್ಲಿ ಅವನನ್ನು ಗಡಿಪಾರು ಮಾಡಿದರು. ಅದು ತಪ್ಪೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2015ರ ಜೂನ್‌ನಲ್ಲಿ.

ಈಗ ಕ್ಷಮಾದಾನದ ಕಾಲ ಅಲ್ಲವೇ ಎಂದು ಕೆಲವರು ಕೇಳಬಹುದು. 2022ರ ಅಕ್ಟೋಬರ್ 6ರಂದು ಅಧ್ಯಕ್ಷ ಬೈಡನ್ ಫೆಡರಲ್ ಕಾನೂನಿನಡಿ ಗಾಂಜಾ ಇಟ್ಟುಕೊಂಡ ಸಣ್ಣ ಪ್ರಕರಣಗಳಿಗೆ ಸಾಮೂಹಿಕ ಕ್ಷಮೆ ಘೋಷಿಸಿದರು. ಅದು ಪ್ರಜೆಗಳಿಗೆ ಮತ್ತು ಗ್ರೀನ್ ಕಾರ್ಡ್ ಇರುವವರಿಗೆ ಮಾತ್ರ. ವೀಸಾದ ಮೇಲಿರುವವರು ಅದರಲ್ಲಿಲ್ಲ. 2024ರ ಮೇ ತಿಂಗಳಲ್ಲಿ ನ್ಯಾಯ ಇಲಾಖೆ ಗಾಂಜಾವನ್ನು ಮೂರನೇ ಪಟ್ಟಿಗೆ ಇಳಿಸುವ ಪ್ರಸ್ತಾವ ಪ್ರಕಟಿಸಿತು. ಪಟ್ಟಿ ಯಾವುದಾದರೂ ಅದು ನಿಯಂತ್ರಿತ ವಸ್ತುವಾಗಿಯೇ ಉಳಿಯುವುದರಿಂದ ವಲಸೆ ಕಾನೂನಿನ ಕುಣಿಕೆ ಅದರಿಂದ ಸಡಿಲವಾಗುವುದಿಲ್ಲ. ಪೌರತ್ವಕ್ಕೆ ಕಾದಿರುವವರಿಗೂ ಒಂದು ಎಚ್ಚರಿಕೆಯಿದೆ. ರಾಜ್ಯದ ಲೈಸೆನ್ಸ್ ಇರುವ ಗಾಂಜಾ ಉದ್ಯಮದಲ್ಲಿ ಕೆಲಸ ಮಾಡಿದ್ದರೂ ಸನ್ನಡತೆಯ ಷರತ್ತಿಗೆ ಧಕ್ಕೆ ಬರಬಹುದು ಎಂದು ಪೌರತ್ವ ಇಲಾಖೆ 2019ರ ಏಪ್ರಿಲ್‌ನಲ್ಲೇ ಮಾರ್ಗಸೂಚಿ ಹೊರಡಿಸಿದೆ. ಅಂಥ ಕಂಪನಿಗೆ ಸಾಫ್ಟ್‌ವೇರ್ ಬರೆಯುವವರೂ ಒಮ್ಮೆ ಯೋಚಿಸಬೇಕು.

ಗಾಂಜಾ ಒಳ್ಳೆಯದು ಎಂದು ನಾನು ವಾದಿಸುತ್ತಿಲ್ಲ. ಎಳೆಯ ಮಿದುಳಿಗೆ ಅದು ಮಾಡುವ ಹಾನಿ ಸಣ್ಣದಲ್ಲ. ಆದರೆ ಒಂದು ಕೈಯಿಂದ ತೆರಿಗೆ ವಸೂಲಿ ಮಾಡಿ ಇನ್ನೊಂದು ಕೈಯಿಂದ ಗಡಿಪಾರು ಮಾಡುವ ವ್ಯವಸ್ಥೆಯನ್ನು ನ್ಯಾಯ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಅದನ್ನು ಸರಿಪಡಿಸಬೇಕಾದದ್ದು ಅಮೆರಿಕದ ಸಂಸತ್ತು. ಅಲ್ಲಿ ಮತ ಹಾಕುವ ಹಕ್ಕಿರುವ ನಮ್ಮವರು ತಮ್ಮ ಪ್ರತಿನಿಧಿಗಳನ್ನು ಈ ಬಗ್ಗೆ ಕೇಳಲಿ. ಮತದ ಹಕ್ಕಿಲ್ಲದವರಿಗೆ, ಅದರಲ್ಲೂ 21 ತುಂಬದೆ ಯಾವ ರಾಜ್ಯದಲ್ಲೂ ಆ ಅಂಗಡಿಯ ಹೊಸ್ತಿಲು ತುಳಿಯುವಂತಿಲ್ಲದ ಮಕ್ಕಳಿಗೆ, ನನ್ನ ಕೋರಿಕೆ ಇಷ್ಟೇ: ಮುಟ್ಟಬೇಡಿ. ಗೆಳೆಯರ ಪೊಟ್ಟಣ ನಿಮ್ಮ ಕಾರಿನಲ್ಲಿ, ನಿಮ್ಮ ಚೀಲದಲ್ಲಿ ಇರಲು ಬಿಡಬೇಡಿ.

ಊರೂರಿನ ಕನ್ನಡ ಕೂಟಗಳಿಗೂ ಒಂದು ಮಾತು. ಯುಗಾದಿ, ರಾಜ್ಯೋತ್ಸವಗಳ ನಡುವೆ ಒಂದು ಸಂಜೆಯನ್ನು ಇದಕ್ಕೆಂದೇ ಇಡಿ. ವಲಸೆ ವಕೀಲರೊಬ್ಬರನ್ನು ಕರೆಸಿ ಹೊಸದಾಗಿ ಬಂದ ವಿದ್ಯಾರ್ಥಿಗಳ ಎದುರು ಮಾತಾಡಿಸಿ. 40 ವರ್ಷಕ್ಕೂ ಹೆಚ್ಚು ಕಾಲ ಅಮೆರಿಕದಲ್ಲಿದ್ದು, ವಿಯೆಟ್ನಾಂ ಯುದ್ಧದ ಹೊತ್ತಿನಲ್ಲಿ ಸೇನೆಯಲ್ಲಿದ್ದ ಹೊಸೆ ಪಡೀಯನಿಗೆ ಕೆಂಟಕಿಯಲ್ಲಿ ಅವನ ವಕೀಲನೇ, ನೀನು ಇಷ್ಟು ವರ್ಷದಿಂದ ಇಲ್ಲಿದ್ದೀಯ, ಚಿಂತೆ ಬೇಡ ಎಂದಿದ್ದ. ಆ ಮಾತು ನಂಬಿ ಗಾಂಜಾ ಸಾಗಣೆಯ ಪ್ರಕರಣದಲ್ಲಿ ತಪ್ಪೊಪ್ಪಿಕೊಂಡ, ಗಡಿಪಾರಿನ ಬಾಯಿಗೆ ಬಿದ್ದ. ಗಡಿಪಾರಿನ ಅಪಾಯವನ್ನು ಕಕ್ಷಿದಾರನಿಗೆ ತಿಳಿಸುವುದು ವಕೀಲನ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ 2010ರ ಮಾರ್ಚ್ 31ರಂದು ಹೇಳಿದ್ದು ಅವನ ಪ್ರಕರಣದಲ್ಲೇ. ಅಂದಿನಿಂದ ಅದು ನಿಮ್ಮ ಹಕ್ಕೂ ಹೌದು, ಬಳಸಿಕೊಳ್ಳಿ. ಪೊಲೀಸರು ಹಿಡಿದರೆ ಮೊದಲು ವಕೀಲರನ್ನು ಕೇಳಿ, ಆಮೇಲೆ ಮಾತಾಡಿ. ಕ್ರಿಮಿನಲ್ ವಕೀಲರು ಎಷ್ಟೇ ಅನುಭವಿಗಳಿರಲಿ, ವಲಸೆ ವಕೀಲರು ಓದಿ ನೋಡುವವರೆಗೆ ತಪ್ಪೊಪ್ಪಿಗೆಯ ಯಾವ ಕಾಗದಕ್ಕೂ ಸಹಿ ಹಾಕಬೇಡಿ.